ತಡಮೆ

ಮಳೆಯನ್ನು ನಾವು ಇಂಚು, ಸೆಂಟಿನಲ್ಲಿ ಅಳೆಯುವವರು.
ಒಂದು ಇಂಚು ನಲವತ್ತು ಸೆಂಟು ಎಂದರೆ ಮೂರ್ನಾಡಿನಲ್ಲಿ
ಯಾರೂ ಹಾಗೆಂದರೇನು ಅನ್ನುವುದಿಲ್ಲ,
ಎಷ್ಟು ಹೊತ್ತಿಗೆ ನಿಂತಿತು ಅನ್ನುತ್ತಾರೆ.

ತಂತ್ರಾಂಶಕ್ಕೆ ಅದು ಗೊತ್ತಿರಲಿಲ್ಲ.
ಅದರ ಪಾಲಿಗೆ ಮಳೆ ಮನೆಹೆಸರಿಲ್ಲದ ಬರಿ ಸಂಖ್ಯೆ.
ಮಾಪಕ ಓದುವ ಕಡೆ ಮಿಲಿಮೀಟರು,
ನಕ್ಷೆ ಬಿಡಿಸುವ ಕಡೆ ಇಂಚು,
ನಡುವೆ ಯಾರೋ ಹತ್ತು ವರ್ಷದ ಹಿಂದೆ
ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಭಾಗಿಸಿ
ಹೇಳದೆ ಎದ್ದುಹೋಗಿದ್ದರು.
ಆಮೇಲೆ ಬಂದವರು ಮತ್ತೊಮ್ಮೆ ಭಾಗಿಸಿದ್ದರು.
ಹೋದ ವರ್ಷ ಎರಡೂವರೆ ಇಂಚಿನ ಹೂಮಳೆ
ಪರದೆಯ ಮೇಲೆ ಹತ್ತು ಸೆಂಟಾಗಿ ಬಿತ್ತು.
ಮಡಿಕೇರಿಯಲ್ಲಿ ಕೂತವರೊಬ್ಬರು ಅದನ್ನು ನಂಬಿ
ನೆಂದ ತೋಟಕ್ಕೇ ಸ್ಪ್ರಿಂಕ್ಲರ್ ಹಾಕಿಸಿದರು.

ಹಗಲು ನಾನು ಕಾಫಿ ಕ್ಯೂರಿಂಗ್‌ನಲ್ಲಿ ಚೀಲ ಎಣಿಸುವವಳು.
ಕೊಯ್ಲಿನ ಮೂರು ತಿಂಗಳು ರಾತ್ರಿ ಕೂತು ಬರೆದೆ:
ಇನ್ನು ಪ್ರತಿ ಸಂಖ್ಯೆಯೂ ತನ್ನ ಮನೆಹೆಸರು ಹೇಳಿಯೇ
ಒಳಗೆ ಬರಬೇಕು.
ನಲವತ್ತೊಂದು ಕಡತ. ಒಂದೇ ತೇಪೆ.
ಹೆಮ್ಮೆಯೂ ಇತ್ತು, ಸುಳ್ಳೇಕೆ.

ಕಡತ ನಲವತ್ತೊಂದಾದರೆ ಒಡೆಯರು ನಾಲ್ವರು.
ಒಡೆಯರು ಅಂದೆನೆ? ಅಲ್ಲ,
ಯಾರದೂ ಅಲ್ಲದ್ದನ್ನು ಸಂಬಳವಿಲ್ಲದೆ ಕಾಯುವವರು.
ಮಾಪಕದ ಕಡೆಗೆ ತಾರ್ತುವಿನ ಕಾಯಾ,
ಉಗ್ರಾಣಕ್ಕೆ ನಕುರುವಿನ ವಂಜಿರು,
ಭಾಷೆಗಳಿಗೆ ಚಿಪಳೂಣದ ದಾಮ್ಲೆ,
ನಕ್ಷೆಗೆ, ಇಲ್ಲೇ, ಚೇರಂಬಾಣೆಯ ಮೊಣ್ಣಪ್ಪ.

ವಂಜಿರು ಒಪ್ಪಿದರೆ ನನ್ನದೂ ಒಪ್ಪಿಗೆ, ಅಂದಳು ಕಾಯಾ.
ಕಾಯಾ ಮೊದಲು ಸೇರಿಸಲಿ, ಅಂದಳು ವಂಜಿರು.
ದಾಮ್ಲೆ ಮಾತೇ ಆಡಲಿಲ್ಲ.
ಮೊಣ್ಣಪ್ಪನವರದು ಎರಡಕ್ಷರ: ಬೇಡ.
ಕಾಯುತ್ತಿದ್ದಂತೆ ಕಾಲಡಿಯ ನೆಲ ಸರಿಯಿತು.
ವಾರಕ್ಕೊಮ್ಮೆ ಯಾರದೋ ಬದಲಾವಣೆ ನನ್ನದರ ಮೇಲೆ ಬಂದು ಕೂತು
ಬಿಡಿಸಿದ ಸಿಕ್ಕನ್ನೇ ಮತ್ತೆ ಬಿಡಿಸಿದೆ.

ಭಾನುವಾರ ಎರಡು ಬಸ್ಸು ಹಿಡಿದು ಹೋದೆ.
ಗದ್ದೆಯಂಚಿನ ಬೇಲಿಯಲ್ಲಿ ತಡಮೆ,
ದಾಟುವಾಗ ದುಪಟ್ಟಾ ಸಿಕ್ಕಿ ಹರಿಯಿತು.
ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿದ್ದವರು,
ಎಮ್ಮೆಗೆ ಸೂಜಿ ಹಾಕುತ್ತಿದ್ದರು.
"ಬಾಲ ಹಿಡಿ" ಅಂದರು,
ಯಾವ ಮನೆಯವಳು ಎಂದು ಕೇಳುವುದಕ್ಕೂ ಮೊದಲು.

ಆಮೇಲೆ ಕೈ ತೊಳೆಯುತ್ತ:
"ನೀನು ಬರೆದದ್ದು ಸರಿ ಇದೆ. ಓದಿದ್ದೇನೆ, ಎರಡು ಸಲ.
ಆದರೆ ಒಂದೇ ರಾತ್ರಿ ನಾಲ್ಕು ಬೇಲಿ ಕಿತ್ತರೆ
ಬೆಳಿಗ್ಗೆ ದನ ಯಾರ ಗದ್ದೆಯಲ್ಲಿರುತ್ತೆ?
ಅರುವತ್ತು ಮನೆಯವರು ಎದ್ದ ಕೂಡಲೇ ನನ್ನ ನಕ್ಷೆ ನೋಡಿ
ಮೋಟಾರು ಹಾಕುವುದೋ ಬಿಡುವುದೋ ಅನ್ನುತ್ತಾರೆ.
ಇದು ಹೂಮಳೆಯ ತಿಂಗಳು. ಈಗ ಬೇಡ ಅಂದೆ.
ಯಾವತ್ತಿಗೂ ಬೇಡ ಅಂದೆನಾ?"
ಅಂದಿರಲಿಲ್ಲ. ಈಗ ಎಂಬ ಪದವನ್ನೂ ಬರೆದಿರಲಿಲ್ಲ,
ಅದನ್ನು ನಾನು ಹೇಳಲಿಲ್ಲ.
ಕಡುಬು ತಿಂದು ಮೂರರ ಬಸ್ಸಿಗೆ ಹೊರಟೆ.

ನಲವತ್ತೊಂದನ್ನು ಏಳಾಗಿ ಒಡೆದೆ.
ಮೊದಲ ತೇಪೆಯಲ್ಲಿ ಏನೂ ಆಗುವುದಿಲ್ಲ:
ಹಳೆಯದು ಹಳೆಯ ಜಾಗದಲ್ಲೇ, ಪಕ್ಕದಲ್ಲಿ
ಇನ್ನೂ ಯಾರೂ ಕರೆಯದ ಹೊಸದು,
ಎರಡರ ನಡುವೆ ಹದಿನೆಂಟು ಸಾಲಿನ ಕಡತ.
ಅದಕ್ಕೆ ತಡಮೆ ಎಂದೇ ಹೆಸರಿಟ್ಟೆ.
ಅದೇನು ಪದ, ಉಚ್ಚಾರ ಹೇಗೆ, ಎಂದಳು ಕಾಯಾ.
ಬೇಲಿ ಕೀಳದೆ ದಾಟುವ ಜಾಗ, ಎಂದು ಬರೆದೆ.
ದುಪಟ್ಟಾದ ಸಂಗತಿ ಬರೆಯಲಿಲ್ಲ.

ಮಾರ್ಚಿನಲ್ಲಿ ಅವಳು ದಾಟಿದಳು. ಏಪ್ರಿಲಿನಲ್ಲಿ ವಂಜಿರು,
ದಾರಿಯಲ್ಲಿ ನನ್ನದೊಂದು ತಪ್ಪನ್ನೂ ಎತ್ತಿಕೊಟ್ಟು.
ದಾಮ್ಲೆ ಬರೆದರು: ಕಣ್ಣಿನ ಶಸ್ತ್ರಕ್ರಿಯೆ,
ಆರು ವಾರ ಪರದೆ ನೋಡುವ ಹಾಗಿರಲಿಲ್ಲ.
ಅವರನ್ನು ಬಾಯಿತುಂಬ ಬೈದಿದ್ದೆ ನಾನು,
ಚೀಲಗಳ ಎದುರಿಗೆ.
ಬ್ಯಾಕಿಂಗ್ ಮಳೆಯೂ ಮುಗಿದ ಮೇಲೆ ಒಂದು ರಾತ್ರಿ
ಮೊಣ್ಣಪ್ಪ, ಕೇಳದೆಯೇ.

ಉಳಿದದ್ದು ಏಳನೆಯದು. ಬರಿ ಅಳಿಸುವುದು.
ಹಳೆಯದನ್ನು ಈಗಲೂ ಕರೆಯುವವರು ಯಾರೆಂದು ಹುಡುಕಿದೆ.
ಒಂದೇ ಒಂದು ಕಡೆ ಸಿಕ್ಕಿತು:
ನಾನೇ, ಪರೀಕ್ಷೆಗೆಂದು ಬರೆದು ಮರೆತದ್ದು.

ತಿದ್ದಿ ಕಳಿಸಿದ್ದೇನೆ. ಇನ್ನೂ ಹಾಗೇ ಇದೆ.
ನನ್ನದಕ್ಕೆ ನಾನೇ ಒಪ್ಪಿಗೆ ಹಾಕುವಂತಿಲ್ಲ,
ಬಾಲ ಹಿಡಿಯಲು ಇನ್ನೊಬ್ಬರು ಬೇಕು.